ದ್ವಿಚಕ್ರ ವಾಹನಗಳಿಗೆ ಹೆಚ್ಚು ಶಬ್ದದ ಹಾರ್ನ್ ಅಳವಡಿಕೆ: ನಿಯಮಗಳು, ವೈರಿಂಗ್ ಕ್ರಮ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ಭಾಗದ ವಾಹನ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ದ್ವಿಚಕ್ರ ವಾಹನ ಮಾಲೀಕರ ಗಮನಕ್ಕೆ ತರುವುದೇನೆಂದರೆ, ವಾಹನದೊಂದಿಗೆ ಬಂದ ಮೂಲ ಹಾರ್ನನ್ನು ತೆಗೆದು ಅದಕ್ಕಿಂತ ಹೆಚ್ಚು ಶಬ್ದ ಮಾಡುವ ಹಾರ್ನ್ ಅಳವಡಿಸಿಕೊಳ್ಳುವುದು ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಇದಕ್ಕೆ ಅನುಮತಿ ಬೇಕೇ, ಯಾವ ಹಾರ್ನ್ ಕಾನೂನುಬದ್ಧ, ವೈರಿಂಗ್ ಹೇಗಿರಬೇಕು, ನೋಂದಣಿ ನವೀಕರಣದ ಸಮಯದಲ್ಲಿ ತೊಂದರೆಯಾಗುವುದೇ ಎಂಬ ಪ್ರಶ್ನೆಗಳನ್ನು ಸಾರ್ವಜನಿಕರು ಪದೇ ಪದೇ ಕೇಳುತ್ತಿರುತ್ತಾರೆ. ಸದರಿ ಪ್ರಶ್ನೆಗಳಿಗೆ ಒಂದೆಡೆ ಉತ್ತರ ದೊರೆಯಲೆಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ತಪ್ಪು ಹಾರ್ನ್ ಅಳವಡಿಸಿಕೊಂಡ ಅರ್ಜಿದಾರರು ಒಂದು ದಿನದ ಕೂಲಿಯನ್ನು ಬಿಟ್ಟು ತಪಾಸಣೆಗೆ ಬಂದು, ನ್ಯೂನತೆ ಸರಿಪಡಿಸಿಕೊಂಡು ಮತ್ತೊಮ್ಮೆ ಬರಬೇಕಾಗುತ್ತದೆ. ಫ್ಯೂಸ್ ಇಲ್ಲದೆ ಎಳೆದ ಒಂದು ವೈರು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಸುಟ್ಟರೆ ವಾಹನವೇ ಕೈಬಿಡುತ್ತದೆ. ಆದುದರಿಂದ ಹಾರ್ನ್ ಖರೀದಿಸುವ ಮೊದಲೇ ಈ ಪುಟವನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

2. ಹೆಚ್ಚು ಶಬ್ದದ ಹಾರ್ನ್ ಬೇಕೆನಿಸುವುದು ಏಕೆ?

ಈ ಬೇಡಿಕೆಯನ್ನು ಕೇವಲ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಭಾಲ್ಕಿ, ಹುಮನಾಬಾದ್ ಹಾಗೂ ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುತ್ತವೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿಗಳನ್ನು ಜೋಡಿಸಿರುವುದೂ ಉಂಟು. ಟ್ರಾಲಿಯ ಇಕ್ಕೆಲಗಳಿಗೆ ಚಾಚಿದ ಕಬ್ಬಿನಿಂದ ಚಾಲಕನಿಗೆ ಹಿಂದಿನ ವಾಹನ ಕಾಣುವುದಿಲ್ಲ. ಎಂಜಿನ್ನಿನ ಸದ್ದು ಹಾಗೂ ಧ್ವನಿವರ್ಧಕದ ಹಾಡಿನಿಂದ ಹಾರ್ನ್ ಕೇಳಿಸುವುದಿಲ್ಲ. ಇಂತಹ ವಾಹನದ ಹಿಂದೆ ಬೆಳಗಿನ ಜಾವ ಹಾಲು ಅಥವಾ ತರಕಾರಿ ಹೊತ್ತು ಸಾಗುವ ಬೈಕ್ ಸವಾರನಿಗೆ ತನ್ನ ಹಾರ್ನ್ ಸಾಲದು ಎನಿಸುವುದು ಸಹಜ.

ಔರಾದ್ ಭಾಗದ ರಸ್ತೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಸೋಯಾಬೀನ್, ತೊಗರಿ, ಕಡಲೆ ರಾಶಿಗಳನ್ನು ರಸ್ತೆಯ ಅಂಚಿನಲ್ಲಿ ಒಣಹಾಕಿರುತ್ತಾರೆ. ಎತ್ತಿನ ಗಾಡಿ, ದನಕರು, ಕೆಲವೆಡೆ ಕೃಷ್ಣಮೃಗಗಳೂ ರಸ್ತೆಗೆ ಅಡ್ಡ ಬರುತ್ತವೆ. ಬೀದರ್ ಹಳೆಯ ನಗರದಲ್ಲಿ ಚೌಬಾರಾ ಹಾಗೂ ಗವಾನ್ ಮದರಸಾ ಸುತ್ತಲಿನ ಇಕ್ಕಟ್ಟಾದ ಬೀದಿಗಳಲ್ಲಿ ಸಮಸ್ಯೆ ಬೇರೆಯದು: ಅಲ್ಲಿ ಹಾರ್ನ್ ಕೇಳಿಸುವುದಿಲ್ಲವೆಂಬ ಮಾತಿಲ್ಲ, ಎಲ್ಲರೂ ಒಮ್ಮೆಲೇ ಹಾರ್ನ್ ಮಾಡುವುದರಿಂದ ಯಾರದ್ದೆಂದು ತಿಳಿಯುವುದಿಲ್ಲ. ಈ ಎರಡು ಸಂದರ್ಭಗಳ ವ್ಯತ್ಯಾಸವನ್ನು ಮಾಲೀಕರು ಮನಗಾಣಬೇಕು.

3. ಕಾನೂನು ಏನು ಹೇಳುತ್ತದೆ?

(ಅ) ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 119ರ ಪ್ರಕಾರ ಪ್ರತಿಯೊಂದು ಮೋಟಾರು ವಾಹನಕ್ಕೆ ವಿದ್ಯುತ್ ಹಾರ್ನ್ ಅಥವಾ ನಿಗದಿತ ಮಾನಕಕ್ಕೆ ಅನುಗುಣವಾದ ಸಾಧನ ಇರತಕ್ಕದ್ದು. ವಾಹನ ಬರುತ್ತಿರುವುದನ್ನು ಸಾಕಷ್ಟು ಸ್ಪಷ್ಟವಾಗಿ ತಿಳಿಸುವ ಸಾಮರ್ಥ್ಯ ಅದಕ್ಕಿರಬೇಕು. ಹಾರ್ನಿಗೆ ಐಎಸ್ 1884 ಮಾನಕವೂ, ವಾಹನದ ಮೇಲೆ ಅದರ ಅಳವಡಿಕೆಗೆ 2003ರ ಜನವರಿ 1ರಿಂದ ಎಐಎಸ್-014 ಮಾನಕವೂ ಅನ್ವಯಿಸುತ್ತವೆ.

(ಆ) ಅದೇ ನಿಯಮದ ಉಪನಿಯಮ (2)ರ ಪ್ರಕಾರ, ಒಂದರ ನಂತರ ಒಂದರಂತೆ ಬೇರೆ ಬೇರೆ ಸ್ವರಗಳನ್ನು ಹೊರಡಿಸುವ ಬಹುಸ್ವರ ಹಾರ್ನನ್ನಾಗಲೀ, ಅತಿ ಕರ್ಕಶವಾದ, ಕೀರಲು, ಅತಿ ಜೋರಾದ ಅಥವಾ ಗಾಬರಿಗೊಳಿಸುವ ಶಬ್ದ ಮಾಡುವ ಬೇರಾವುದೇ ಸಾಧನವನ್ನಾಗಲೀ ಯಾವುದೇ ವಾಹನಕ್ಕೆ ಅಳವಡಿಸುವಂತಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳಿಗೆ ಮಾತ್ರ, ಕರ್ತವ್ಯದ ಸಂದರ್ಭದಲ್ಲಿ, ನೋಂದಣಿ ಪ್ರಾಧಿಕಾರ ಒಪ್ಪಿದ ಧ್ವನಿ ಸಂಕೇತಗಳಿಗೆ ವಿನಾಯಿತಿ ಇದೆ.

(ಇ) ವಾಹನದ ಮೇಲೆ ಅಳವಡಿಸಿದ ಹಾರ್ನಿನ ಶಬ್ದವನ್ನು ವಾಹನದ ಮುಂದೆ 7 ಮೀಟರ್ ದೂರದಲ್ಲಿ ಅಳೆಯಲಾಗುತ್ತದೆ. ಗರಿಷ್ಠ ಮಿತಿ 112 ಡೆಸಿಬಲ್.

(ಈ) ಮೋಟಾರು ವಾಹನ ಅಧಿನಿಯಮ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಮೂಲಕ ಕಲಂ 194-ಎಫ್ ಅನ್ನು ಸೇರಿಸಲಾಯಿತು. ಅನಾವಶ್ಯಕವಾಗಿ, ಸತತವಾಗಿ ಅಥವಾ ಸುರಕ್ಷತೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಹಾರ್ನ್ ಮಾಡುವವರಿಗೆ ಹಾಗೂ ಹಾರ್ನ್ ನಿಷೇಧದ ಫಲಕವಿರುವಲ್ಲಿ ಹಾರ್ನ್ ಮಾಡುವವರಿಗೆ ಮೊದಲ ಅಪರಾಧಕ್ಕೆ ರೂ. 1,000 ಹಾಗೂ ನಂತರದ ಅಪರಾಧಗಳಿಗೆ ರೂ. 2,000 ದಂಡವನ್ನು ಸದರಿ ತಿದ್ದುಪಡಿ ನಿಗದಿಪಡಿಸಿತು. ಶಬ್ದ ಮಾಲಿನ್ಯ ನಿಯಂತ್ರಣದ ಮಾನಕಗಳನ್ನು ಉಲ್ಲಂಘಿಸುವ ವಾಹನವನ್ನು ಚಲಾಯಿಸುವುದು ಕಲಂ 190(2)ರ ವ್ಯಾಪ್ತಿಗೆ ಬರುತ್ತದೆ. 2019ರ ತಿದ್ದುಪಡಿಯು ಇದಕ್ಕೆ ಮೊದಲ ಬಾರಿಗೆ 3 ತಿಂಗಳವರೆಗಿನ ಕಾರಾವಾಸ ಅಥವಾ ರೂ. 10,000 ವರೆಗಿನ ದಂಡ ಅಥವಾ ಎರಡನ್ನೂ, ಅದರೊಂದಿಗೆ 3 ತಿಂಗಳ ಕಾಲ ಚಾಲನಾ ಅನುಜ್ಞಾ ಪತ್ರದ ಅನರ್ಹತೆಯನ್ನೂ ವಿಧಿಸಿತು. ಸ್ಥಳದಲ್ಲಿ ವಸೂಲು ಮಾಡುವ ರಾಜಿ ಶುಲ್ಕವು ರಾಜ್ಯ ಸರ್ಕಾರದ ಅಧಿಸೂಚನೆಯಂತೆ ಇರುತ್ತದೆ.

(ಉ) ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ಕ್ಕೆ 2010ರಲ್ಲಿ ಸೇರಿಸಲಾದ ನಿಯಮ 5-ಎ ಪ್ರಕಾರ ನಿಶ್ಶಬ್ದ ವಲಯಗಳಲ್ಲಿ ಹಾಗೂ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಸತಿ ಪ್ರದೇಶಗಳಲ್ಲಿ, ಸಾರ್ವಜನಿಕ ತುರ್ತು ಸಂದರ್ಭವನ್ನು ಹೊರತುಪಡಿಸಿ, ಹಾರ್ನ್ ಬಳಸುವಂತಿಲ್ಲ. ವಸತಿ ಪ್ರದೇಶಗಳಲ್ಲಿ ರಾತ್ರಿ ಹಾರ್ನ್ ಬಳಸಬಾರದೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿಯೂ ನಿರ್ದೇಶಿಸಿದೆ.

ಮೇಲ್ಕಂಡ ನಿಯಮಗಳ ಸಾರಾಂಶವೇನೆಂದರೆ, ಮಾನಕಕ್ಕೆ ಅನುಗುಣವಾದ, ಒಂದೇ ಸ್ಥಿರ ಧ್ವನಿಯ ವಿದ್ಯುತ್ ಹಾರ್ನ್ ಅಳವಡಿಸಲು ಅಡ್ಡಿಯಿಲ್ಲ. ಗಾಳಿ ಒತ್ತಡದ ಕರ್ಕಶ ಹಾರ್ನ್, ಹಾಡಿನ ಹಾರ್ನ್, ನಾಯಿ ಬೊಗಳುವ ಅಥವಾ ಮಗು ಅಳುವ ಧ್ವನಿಯ ಹಾರ್ನ್, ಸೈರನ್ ಮುಂತಾದವು ಬೈಕಿಗೆ ಸಲ್ಲವು.

4. ಖರೀದಿಗೆ ಮೊದಲು: ಹಳೆಯ ಹಾರ್ನನ್ನು ಪರೀಕ್ಷಿಸಿ

ಹಾರ್ನ್ ಕ್ಷೀಣವಾಗಿರುವ ಬಹುಪಾಲು ವಾಹನಗಳಲ್ಲಿ ದೋಷ ಹಾರ್ನಿನದ್ದಲ್ಲ, ಅದಕ್ಕೆ ತಲುಪುವ ವಿದ್ಯುತ್ತಿನದ್ದು. ಸಾಮಾನ್ಯ ತಟ್ಟೆ ಹಾರ್ನಿನ ಒಳಗೆ ವಿದ್ಯುತ್ಕಾಂತ, ತೆಳುವಾದ ಉಕ್ಕಿನ ಪೊರೆ ಹಾಗೂ ಸಂಪರ್ಕ ಬಿಂದುಗಳಿರುತ್ತವೆ. ವಿದ್ಯುತ್ ಹರಿದಾಗ ಪೊರೆ ಸೆಳೆಯಲ್ಪಟ್ಟು ಸಂಪರ್ಕ ಕಡಿಯುತ್ತದೆ. ಕಡಿದೊಡನೆ ಪೊರೆ ಹಿಂದಿರುಗಿ ಸಂಪರ್ಕ ಕೂಡುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕ್ರಿಯೆಯೇ ಶಬ್ದ. ವೋಲ್ಟೇಜ್ ಕಡಿಮೆಯಾದರೆ ಪೊರೆಯ ಚಲನೆ ಕುಗ್ಗಿ ಧ್ವನಿ ಕುಗ್ಗುತ್ತದೆ.

ಆದುದರಿಂದ ಮೊದಲು ಕೆಳಕಂಡವುಗಳನ್ನು ಕ್ರಮವಾಗಿ ನೋಡತಕ್ಕದ್ದು:

• ಬ್ಯಾಟರಿಯ ಎರಡೂ ತುದಿಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಒರೆಸಿ, ನಟ್ಟುಗಳನ್ನು ಬಿಗಿಗೊಳಿಸುವುದು.
• ಹಾರ್ನಿನ ಎರಡು ತಗಡಿನ ಸಂಪರ್ಕಗಳನ್ನು ಕಳಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಾಗಿ ಕೂಡಿಸುವುದು.
• ಮುಂಚಕ್ರದಿಂದ ಸಿಡಿದು ಹಾರ್ನಿನೊಳಗೆ ಸೇರಿದ ಕೆಂಪು ಮಣ್ಣಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆಯುವುದು. ನೀರಿನ ಒತ್ತಡದ ಪೈಪನ್ನು ಬಳಸಬಾರದು.
• ಹಾರ್ನಿನ ಹಿಂಬದಿಯಲ್ಲಿ ಹೊಂದಾಣಿಕೆ ಸ್ಕ್ರೂ ಇದ್ದಲ್ಲಿ, ಎಂಜಿನ್ ಚಾಲನೆಯಲ್ಲಿರುವಾಗ ಅದನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಧ್ವನಿ ಸ್ಪಷ್ಟವಾಗುವಲ್ಲಿ ನಿಲ್ಲಿಸುವುದು.
• ಹಾರ್ನನ್ನು ಹಿಡಿದಿರುವ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಅದುರುವಂತಿರಬೇಕು. ಅದನ್ನು ಬಿಟ್ಟು ಹಾರ್ನನ್ನು ನೇರವಾಗಿ ಚೌಕಟ್ಟಿಗೆ ಬಿಗಿದರೆ ಧ್ವನಿ ಅಡಗುತ್ತದೆ.

ಅರ್ಧ ಗಂಟೆಯ ಈ ಕೆಲಸಕ್ಕೆ ಖರ್ಚಿಲ್ಲ. ಇಷ್ಟರಿಂದಲೇ ಕೆಲಸವಾದರೆ ಹೊಸ ಹಾರ್ನಿನ ಅಗತ್ಯವೇ ಬೀಳುವುದಿಲ್ಲ.

5. ಹೊಸ ಹಾರ್ನಿನ ಆಯ್ಕೆ

• ವಾಹನ 12 ವೋಲ್ಟಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಕೆಲವು ಮಾದರಿಗಳಲ್ಲಿ 6 ವೋಲ್ಟ್ ವ್ಯವಸ್ಥೆ ಇರುತ್ತದೆ. ಅವುಗಳಿಗೆ 12 ವೋಲ್ಟಿನ ಹಾರ್ನ್ ಹೊಂದುವುದಿಲ್ಲ.
• ಪೆಟ್ಟಿಗೆಯ ಮೇಲೆ ಐಎಸ್ 1884 ಅಥವಾ ಎಐಎಸ್-014 ಉಲ್ಲೇಖ, ವೋಲ್ಟೇಜ್ ಹಾಗೂ ಆಂಪಿಯರ್ ಮುದ್ರಿತವಾಗಿರುವುದನ್ನೇ ಕೊಂಡು, ರಸೀದಿ ಪಡೆದು ಇಟ್ಟುಕೊಳ್ಳತಕ್ಕದ್ದು.
• ಡೆಸಿಬಲ್ ಸಂಖ್ಯೆಯನ್ನು ಎಷ್ಟು ದೂರದಲ್ಲಿ ಅಳೆದದ್ದೆಂದು ನೋಡಬೇಕು. 2 ಮೀಟರ್ ದೂರದಲ್ಲಿ 118 ಡೆಸಿಬಲ್ ಇರುವ ಹಾರ್ನ್ 7 ಮೀಟರ್ ದೂರದಲ್ಲಿ ಸುಮಾರು 107 ಡೆಸಿಬಲ್ ಆಗುತ್ತದೆ. ಎರಡು ಪೆಟ್ಟಿಗೆಗಳ ಮೇಲಿನ ಸಂಖ್ಯೆಗಳನ್ನು ಹೋಲಿಸುವಾಗ ಈ ದೂರ ಒಂದೇ ಆಗಿರಬೇಕು.
• ಗಟ್ಟಿ ಹಾಗೂ ಮಂದ್ರ ಧ್ವನಿಯ ಎರಡು ಹಾರ್ನ್‌ಗಳನ್ನು ಜೋಡಿಯಾಗಿ ಮಾರುತ್ತಾರೆ. ಅವೆರಡೂ ಒಟ್ಟಿಗೆ, ಏಕಕಾಲದಲ್ಲಿ ಒಂದೇ ಸ್ಥಿರ ಶಬ್ದವಾಗಿ ಮೊಳಗಬೇಕು. ಒಂದಾದ ಮೇಲೊಂದು ಮೊಳಗುವಂತೆ ಜೋಡಿಸಿದರೆ ಅದು ಬಹುಸ್ವರ ಹಾರ್ನ್ ಆಗುತ್ತದೆ.
• ಒಂದೇ ಬಗೆಯ ಎರಡು ಹಾರ್ನ್ ಹಾಕಿದರೆ ಶಬ್ದ ಇಮ್ಮಡಿಯಾಗುವುದೆಂಬ ನಂಬಿಕೆ ಸರಿಯಲ್ಲ. ಹೆಚ್ಚುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬಲ್ ಹೆಚ್ಚಬೇಕು.

6. ರಿಲೇ ಹಾಗೂ ಫ್ಯೂಸ್ ಏಕೆ ಕಡ್ಡಾಯವೆಂದು ತಿಳಿಯಬೇಕು?

ಬೈಕಿನ ಮೂಲ ಹಾರ್ನ್ ಸಾಮಾನ್ಯವಾಗಿ 1.5ರಿಂದ 3 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಹ್ಯಾಂಡಲಿನ ಹಾರ್ನ್ ಗುಂಡಿ, ಅದರ ಸಣ್ಣ ವೈರು, ಕೀಲಿ ಸ್ವಿಚ್ ಇವೆಲ್ಲವೂ ಆ ಪ್ರಮಾಣಕ್ಕೆ ತಕ್ಕಂತೆ ತಯಾರಾಗಿರುತ್ತವೆ. ಶಂಖದಾಕಾರದ ಹೊಸ ಹಾರ್ನ್ ಒಂದೊಂದೂ 4ರಿಂದ 6 ಆಂಪಿಯರ್ ಎಳೆಯುತ್ತದೆ. ಜೋಡಿಯಾದರೆ ಸುಮಾರು 10 ಆಂಪಿಯರ್. ಹಳೆಯ ವೈರಿಗೇ ಇವನ್ನು ಜೋಡಿಸಿದಾಗ ಆಗುವುದು ಎರಡು.

ಮೊದಲನೆಯದಾಗಿ ವೋಲ್ಟೇಜ್ ನಷ್ಟ. 0.5 ಚದರ ಮಿ.ಮೀ. ತಾಮ್ರದ ವೈರಿಗೆ ಪ್ರತಿ ಮೀಟರಿಗೆ ಸುಮಾರು 0.037 ಓಮ್ ರೋಧವಿರುತ್ತದೆ. ಹೋಗಿ ಬರುವ ಒಟ್ಟು 3 ಮೀಟರ್ ವೈರಿನಲ್ಲಿ 10 ಆಂಪಿಯರ್ ಹರಿದರೆ ಸುಮಾರು 1.1 ವೋಲ್ಟ್ ವೈರಿನಲ್ಲಿಯೇ ನಷ್ಟವಾಗುತ್ತದೆ. ಸ್ವಿಚ್ಚು ಹಾಗೂ ಸಂಪರ್ಕಗಳ ನಷ್ಟ ಇದಕ್ಕೆ ಹೊರತು. ಅದೇ ಉದ್ದಕ್ಕೆ 2.5 ಚದರ ಮಿ.ಮೀ. ವೈರು ಬಳಸಿದರೆ ನಷ್ಟ ಸುಮಾರು 0.2 ವೋಲ್ಟ್ ಮಾತ್ರ. ಅಂದರೆ ಹಣ ಕೊಟ್ಟು ತಂದ ಹಾರ್ನ್ ಹಳೆಯ ವೈರಿನ ಮೇಲೆ ತನ್ನ ಪೂರ್ಣ ಧ್ವನಿಯನ್ನು ಎಂದಿಗೂ ಕೊಡುವುದಿಲ್ಲ.

ಎರಡನೆಯದಾಗಿ ಬಿಸಿ. ಗುಂಡಿಯ ಸಣ್ಣ ಸಂಪರ್ಕದಲ್ಲಿ ಪ್ರತಿ ಸಲವೂ ಕಿಡಿ ಹಾರಿ, ಬಿಂದು ಸುಟ್ಟು, ಪ್ಲಾಸ್ಟಿಕ್ ಕರಗಿ, ಕೊನೆಗೆ ಗುಂಡಿ ಅಂಟಿಕೊಂಡು ಹಾರ್ನ್ ನಿಲ್ಲದೆ ಮೊಳಗುತ್ತದೆ, ಇಲ್ಲವೇ ಮೊಳಗುವುದೇ ಇಲ್ಲ. ಬೈಕಿನ ಪ್ರಧಾನ ವೈರುಗಳ ಕಟ್ಟು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿಯೇ ಸಾಗುವುದರಿಂದ ಬಿಸಿಯಾದ ವೈರಿನ ಅಪಾಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರಿಲೇ ಎಂಬುದು ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ನಡೆಸುವ ಸ್ವಿಚ್. ಅದರ ಸುರುಳಿಗೆ ಸುಮಾರು 0.15 ಆಂಪಿಯರ್ ಸಾಕು. ಹ್ಯಾಂಡಲಿನ ಗುಂಡಿ ಈ ಅಲ್ಪ ಹೊರೆಯನ್ನು ಮಾತ್ರ ಹೊರುತ್ತದೆ. ಹಾರ್ನಿನ 10 ಆಂಪಿಯರ್ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನ ಮೂಲಕ ಹರಿಯುತ್ತದೆ. ಹೀಗೆ ಬ್ಯಾಟರಿಯಿಂದ ನೇರವಾಗಿ ಎಳೆದ ವೈರಿಗೆ ಫ್ಯೂಸ್ ಇಲ್ಲದಿದ್ದಲ್ಲಿ, ಎಲ್ಲಿಯಾದರೂ ಅದು ಉಜ್ಜಿ ಚೌಕಟ್ಟಿಗೆ ತಾಗಿದ ಕ್ಷಣ ಹತ್ತಾರು ಆಂಪಿಯರ್ ಹರಿದು ವೈರಿನ ಹೊದಿಕೆ ಹೊತ್ತಿಕೊಳ್ಳುತ್ತದೆ. ಫ್ಯೂಸಿನ ಬೆಲೆ ಅತ್ಯಲ್ಪ. ಅದನ್ನು ಉಳಿಸುವುದು ಉಳಿತಾಯವಲ್ಲ.

7. ವೈರಿಂಗ್ ಕ್ರಮ

ಈ ಕೆಲಸವನ್ನು ಅನುಭವವುಳ್ಳ ಆಟೋ ಎಲೆಕ್ಟ್ರಿಷಿಯನ್‌ರಿಂದ ಮಾಡಿಸುವುದು ಲೇಸು. ಮಾಡಿಸುವಾಗ ಕೆಳಗಿನ ಕ್ರಮ ಪಾಲನೆಯಾಗುತ್ತಿದೆಯೇ ಎಂದು ಮಾಲೀಕರು ಸ್ವತಃ ನೋಡಿಕೊಳ್ಳಬೇಕು.

ಬೇಕಾಗುವ ಸಾಮಗ್ರಿ: 12 ವೋಲ್ಟಿನ ನಾಲ್ಕು ಕಾಲುಗಳ ರಿಲೇ ಹಾಗೂ ಅದರ ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, 15 ಆಂಪಿಯರ್ ಫ್ಯೂಸ್ (ಒಂದು ಹೆಚ್ಚಿಗೆ), 2.5 ಚದರ ಮಿ.ಮೀ. ವಾಹನ ವೈರು, ತಗಡಿನ ಟರ್ಮಿನಲ್‌ಗಳು, ವೈರಿನ ರಕ್ಷಣಾ ಕೊಳವೆ, ಪರೀಕ್ಷಾ ದೀಪ.

(1) ಕೀಲಿ ಬಂದ್ ಮಾಡಿ, ಬ್ಯಾಟರಿಯ ಋಣ (-) ತುದಿಯನ್ನು ಮೊದಲು ಕಳಚಬೇಕು.

(2) ಹಳೆಯ ಹಾರ್ನಿನಿಂದ ಎರಡು ವೈರುಗಳನ್ನು ಬಿಡಿಸಬೇಕು. ಅವನ್ನು ಕತ್ತರಿಸಬಾರದು. ಮುಂದೆ ಮೂಲ ಹಾರ್ನನ್ನು ಮರಳಿ ಜೋಡಿಸಲು ಅವು ಹಾಗೆಯೇ ಇರಬೇಕು.

(3) ಆ ಎರಡು ವೈರುಗಳನ್ನು ರಿಲೇಯ 85 ಹಾಗೂ 86 ಸಂಖ್ಯೆಯ ಕಾಲುಗಳಿಗೆ ಜೋಡಿಸಬೇಕು. ಕೆಲವು ಬೈಕುಗಳಲ್ಲಿ ಹಾರ್ನ್ ಗುಂಡಿ ಧನ (+) ಬದಿಯನ್ನು, ಕೆಲವುಗಳಲ್ಲಿ ಋಣ ಬದಿಯನ್ನು ಕೂಡಿಸುತ್ತದೆ. ಒಂದು ವೈರನ್ನು ಮಾತ್ರ ಬಳಸಿ ಇನ್ನೊಂದನ್ನು ಚೌಕಟ್ಟಿಗೆ ಜೋಡಿಸುವ ರೂಢಿಯಿಂದ, ಕೆಲವು ವಾಹನಗಳಲ್ಲಿ ಕೀಲಿ ತಿರುಗಿಸಿದೊಡನೆ ಹಾರ್ನ್ ತಾನಾಗಿ ಮೊಳಗುತ್ತದೆ. ಎರಡೂ ವೈರುಗಳನ್ನು ರಿಲೇಗೆ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ರಿಲೇಯ ಒಳಗೆ ಡಯೋಡ್ ಇದ್ದರೆ ಮಾತ್ರ ಅದರ ಮೇಲಿನ ಚಿತ್ರದಂತೆ ಧನ, ಋಣ ನೋಡಿ ಜೋಡಿಸಬೇಕು.

(4) ಬ್ಯಾಟರಿಯ ಧನ ತುದಿಯಿಂದ ಹೊರಟ ವೈರಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಫ್ಯೂಸ್ ಹೋಲ್ಡರ್ ಕೂಡಿಸಬೇಕು. ಅಲ್ಲಿಂದ ವೈರು ರಿಲೇಯ 30ನೇ ಕಾಲಿಗೆ ಬರಬೇಕು. ಸದ್ಯಕ್ಕೆ ಫ್ಯೂಸ್ ಹಾಕಬಾರದು.

(5) ರಿಲೇಯ 87ನೇ ಕಾಲಿನಿಂದ ಹಾರ್ನಿನ (ಜೋಡಿಯಾದರೆ ಎರಡೂ ಹಾರ್ನ್‌ಗಳ) ಒಂದು ತುದಿಗೆ ವೈರು ಹೋಗಬೇಕು. ಹಾರ್ನಿನ ಇನ್ನೊಂದು ತುದಿಯಿಂದ ಅದೇ ದಪ್ಪದ ವೈರು ಬ್ಯಾಟರಿಯ ಋಣ ತುದಿಗೆ ಹಿಂದಿರುಗಬೇಕು. ಬಣ್ಣ ಬಳಿದ ಚೌಕಟ್ಟಿಗೆ ಅರ್ಥ್ ಕೊಡುವುದರಿಂದ ಸಂಪರ್ಕ ಸಡಿಲವಾಗುತ್ತದೆ.

(6) ಹಾರ್ನನ್ನು ಅದರೊಡನೆ ಬಂದ ಉಕ್ಕಿನ ಪಟ್ಟಿಯ ಮೂಲಕವೇ ಬಿಗಿಯಬೇಕು. ಬಾಯಿ ಮುಂದಕ್ಕೆ, ಕೊಂಚ ಕೆಳಕ್ಕೆ ಇರಬೇಕು. ಇಲ್ಲದಿದ್ದಲ್ಲಿ ಮಳೆನೀರು ನಿಲ್ಲುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ಣ ತಿರುಗಿಸಿ, ಮುಂಭಾಗವನ್ನು ಒತ್ತಿ ಕುಗ್ಗಿಸಿ, ಹಾರ್ನ್ ಮಡ್‌ಗಾರ್ಡಿಗಾಗಲೀ ಫೋರ್ಕಿಗಾಗಲೀ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

(7) ವೈರುಗಳನ್ನು ಕೊಳವೆಯೊಳಗೆ ಸೇರಿಸಿ ಚೌಕಟ್ಟಿಗೆ ಕಟ್ಟಬೇಕು. ಹ್ಯಾಂಡಲಿನ ಬಳಿ ತಿರುಗಲು ಸಡಿಲ ಬಿಡಬೇಕು. ಎಂಜಿನ್ ಹಾಗೂ ಸೈಲೆನ್ಸರಿನಿಂದ ದೂರವಿರಬೇಕು. ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

(8) ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ, ಆಸನ ಅಥವಾ ಬದಿಯ ಮುಚ್ಚಳದ ಒಳಗೆ ನೀರು ಬೀಳದೆಡೆ ಕೂಡಿಸಬೇಕು.

(9) ಬ್ಯಾಟರಿಯ ಋಣ ತುದಿಯನ್ನು ಮರಳಿ ಜೋಡಿಸಿ, ಕೊನೆಯಲ್ಲಿ ಫ್ಯೂಸ್ ಹಾಕಿ ಪರೀಕ್ಷಿಸಬೇಕು. ಕೀಲಿ ಬಂದ್ ಇದ್ದಾಗ ಹಾರ್ನ್ ಮೊಳಗಬಾರದು. ಹೆಡ್‌ಲೈಟ್ ಉರಿಯುತ್ತಿರುವಾಗಲೂ ಧ್ವನಿ ಕುಗ್ಗಬಾರದು.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಅದಕ್ಕಿಂತ ದೊಡ್ಡ ಫ್ಯೂಸನ್ನಾಗಲೀ ತಾಮ್ರದ ಎಳೆಯನ್ನಾಗಲೀ ಹಾಕುವಂತಿಲ್ಲ. ವೈರು ಎಲ್ಲೋ ತಾಗುತ್ತಿದೆಯೆಂಬುದರ ಸೂಚನೆ ಅದು.

ವಿಶೇಷ ಸೂಚನೆ: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳಿರುವುದರಿಂದ ಮೂಲ ವೈರುಗಳ ಕಟ್ಟನ್ನು ಎಲ್ಲಿಯೂ ಕುಯ್ಯಬಾರದು. ಖಾತರಿ ಅವಧಿಯಲ್ಲಿರುವ ವಾಹನದ ವೈರು ಕತ್ತರಿಸಿದರೆ ಖಾತರಿಗೂ, ಬೆಂಕಿ ಅವಘಡವಾದಲ್ಲಿ ವಿಮಾ ಪರಿಹಾರಕ್ಕೂ ತಕರಾರು ಬರುವ ಸಂಭವವಿದೆ. ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳಲ್ಲಿ 12 ವೋಲ್ಟ್ ಪೂರೈಕೆ ಮಿತವಾಗಿರುವುದರಿಂದ ತಯಾರಕರ ಅಧಿಕೃತ ಸೇವಾ ಕೇಂದ್ರವನ್ನು ವಿಚಾರಿಸದೆ ಯಾವ ಹಾರ್ನನ್ನೂ ಬದಲಾಯಿಸಬಾರದು.

8. ಶಬ್ದ, ದೂರ ಹಾಗೂ ಸಮಯ

ಹಾರ್ನ್ ಎಷ್ಟೇ ಜೋರಿದ್ದರೂ ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. 7 ಮೀಟರ್ ದೂರದಲ್ಲಿ 105 ಡೆಸಿಬಲ್ ಇರುವ ಹಾರ್ನಿನ ಲೆಕ್ಕ ಹೀಗಿದೆ:

14 ಮೀಟರ್: 99 ಡೆಸಿಬಲ್
28 ಮೀಟರ್: 93 ಡೆಸಿಬಲ್
56 ಮೀಟರ್: 87 ಡೆಸಿಬಲ್

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಎಂಜಿನ್ ಸದ್ದು ಚಾಲಕನ ಕಿವಿಯ ಬಳಿ 90 ಡೆಸಿಬಲ್ ಮೀರುವುದುಂಟು. ಆದುದರಿಂದ 56 ಮೀಟರ್ ಹಿಂದಿನಿಂದ ಮಾಡಿದ ಹಾರ್ನ್ ಅವನಿಗೆ ಕೇಳಿಸದಿರುವುದು ಆಶ್ಚರ್ಯವಲ್ಲ. ಇನ್ನೊಂದು ಹಾರ್ನ್ ಸೇರಿಸಿದರೆ ಸಿಗುವುದು 3 ಡೆಸಿಬಲ್. ವೇಗ ಇಳಿಸಿ 28 ಮೀಟರ್ ಹತ್ತಿರ ಬಂದು ಹಾರ್ನ್ ಮಾಡಿದರೆ ಸಿಗುವುದು 6 ಡೆಸಿಬಲ್, ಅದೂ ಖರ್ಚಿಲ್ಲದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದ ಟ್ರ್ಯಾಕ್ಟರನ್ನು ಅದೇ ವೇಗದಲ್ಲಿ ಸಮೀಪಿಸಿದರೆ ನಡುವಿನ ಅಂತರ ಸೆಕೆಂಡಿಗೆ 11 ಮೀಟರಿನಂತೆ ಕರಗುತ್ತದೆ. 28 ಮೀಟರ್ ಎಂದರೆ ಎರಡೂವರೆ ಸೆಕೆಂಡು. ಹಾರ್ನ್ ಕೇಳಿಸಿ, ಅರ್ಥವಾಗಿ, ಎರಡು ಟ್ರಾಲಿಗಳ ಭಾರವನ್ನು ಚಾಲಕ ಬದಿಗೆ ಸರಿಸಲು ಅಷ್ಟು ಸಮಯ ಸಾಲದು. ಹೀಗಾಗಿ ಮೊದಲು ವೇಗವನ್ನು ಇಳಿಸಬೇಕು, ಎರಡು ಚಿಕ್ಕ ಹಾರ್ನ್ ಮಾಡಬೇಕು, ಹೆಡ್‌ಲೈಟನ್ನು ಒಮ್ಮೆ ಮಿನುಗಿಸಬೇಕು. ಚಾಲಕನು ಕೈ ಸನ್ನೆ ಮಾಡಿದ ಅಥವಾ ಬದಿಗೆ ಸರಿದ ಮೇಲೆಯೇ ಹಿಂದಿಕ್ಕಬೇಕು. ಹಾರ್ನ್ ಮಾಡಿದ್ದೇನೆ ಎಂಬುದು ದಾರಿ ಸಿಕ್ಕಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಎತ್ತಿನ ಗಾಡಿಯ ಹಿಂದೆ ಈ ಎಚ್ಚರಿಕೆ ಇನ್ನೂ ಅಗತ್ಯ. ಈ ಭಾಗದ ದೇವಣಿ ಎತ್ತುಗಳು ಸೌಮ್ಯ ಸ್ವಭಾವದವೇ ಆದರೂ, ಬೆನ್ನ ಹಿಂದೆ ಒಮ್ಮೆಲೇ ಕರ್ಕಶ ಹಾರ್ನ್ ಮೊಳಗಿದರೆ ಯಾವ ಎತ್ತೂ ಬೆದರಿ ಅಡ್ಡ ತಿರುಗಬಹುದು. ಆಗ ಗಾಡಿಯವನಿಗೂ ಬೈಕ್ ಸವಾರನಿಗೂ ಹಾನಿ ತಪ್ಪದು. ಜಾನುವಾರುಗಳ ಬಳಿ ಹಾರ್ನ್ ಮಾಡದೆ, ನಿಧಾನವಾಗಿ, ದೂರದಿಂದ ಸುತ್ತಿ ಹೋಗುವುದೇ ಕ್ಷೇಮ.

9. ಹಾರ್ನ್ ಮಾಡಬಾರದ ಸ್ಥಳಗಳು

ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತ 100 ಮೀಟರಿಗೆ ಕಡಿಮೆಯಿಲ್ಲದ ಪ್ರದೇಶವನ್ನು ಸಕ್ಷಮ ಪ್ರಾಧಿಕಾರವು ನಿಶ್ಶಬ್ದ ವಲಯವೆಂದು ಘೋಷಿಸಬಹುದಾಗಿದೆ. ನಿಶ್ಶಬ್ದ ವಲಯದ ಮಿತಿ ಹಗಲು 50 ಹಾಗೂ ರಾತ್ರಿ 40 ಡೆಸಿಬಲ್. ವಸತಿ ಪ್ರದೇಶದ ಮಿತಿ ಹಗಲು 55 ಹಾಗೂ ರಾತ್ರಿ 45 ಡೆಸಿಬಲ್. ಮೇಲಿನ ಲೆಕ್ಕದಲ್ಲಿ 56 ಮೀಟರ್ ದೂರದಲ್ಲಿಯೂ ಹಾರ್ನ್ 87 ಡೆಸಿಬಲ್ ಇರುವುದನ್ನು ಗಮನಿಸಿದರೆ, ಬ್ರಿಮ್ಸ್ ಬೋಧನಾ ಆಸ್ಪತ್ರೆಯ ಅಥವಾ ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗಳ ಒಳಗೆ ಮಲಗಿರುವ ರೋಗಿಯ ಸ್ಥಿತಿಯನ್ನು ಯಾರಾದರೂ ಊಹಿಸಬಹುದು. ಫಲಕವಿರಲಿ, ಇಲ್ಲದಿರಲಿ, ಇಂತಹ ಸ್ಥಳಗಳಲ್ಲಿ ಹಾರ್ನ್ ಮಾಡದಿರುವುದು ನಾಗರಿಕರ ಕರ್ತವ್ಯ.

ಸವಾರನ ಸ್ವಂತ ಕಿವಿಗೂ ಇದರಿಂದ ಹಾನಿಯಿದೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ತಜ್ಞರ ಮಿತಿ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ ಆದರೆ ಕೇವಲ 15 ನಿಮಿಷ. ಹಾರ್ನ್ ಸವಾರನಿಗೆ ಒಂದು ಮೀಟರಿನಷ್ಟು ಸಮೀಪವಿರುತ್ತದೆ.

10. ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಸಾರಿಗೇತರ ದ್ವಿಚಕ್ರ ವಾಹನದ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಅನಂತರ 5 ವರ್ಷಗಳ ಅವಧಿಗೆ ನವೀಕರಿಸಲು ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮುಗಿಯುವ ದಿನಾಂಕಕ್ಕೆ 60 ದಿನ ಮೊದಲಿನಿಂದ ಅರ್ಜಿ ಸಲ್ಲಿಸಲು ಅವಕಾಶವಿದೆ. ನೋಂದಣಿ ಸಂಖ್ಯೆ ಕೆಎ-38 ಆಗಿದ್ದಲ್ಲಿ ಬೀದರ್, ಕೆಎ-39 ಆಗಿದ್ದಲ್ಲಿ ಭಾಲ್ಕಿ ಕಚೇರಿಯಲ್ಲಿ ನೋಂದಣಿಯಾದ ವಾಹನವೆಂದು ತಿಳಿಯುವುದು.

ನವೀಕರಣಕ್ಕೆ ಮುನ್ನ ವಾಹನವನ್ನು ತಪಾಸಣೆ ಮಾಡಲಾಗುತ್ತದೆ. ತಪಾಸಣೆಯ ಹಿಂದಿನ ದಿನವೇ ಈ ಕೆಳಗಿನವುಗಳನ್ನು ನೋಡಿಕೊಳ್ಳುವುದು:

• ಹಾರ್ನ್ ಒಂದೇ ಸ್ಥಿರ ಧ್ವನಿಯದ್ದಾಗಿದೆಯೇ?
• ಗುಂಡಿ ಒತ್ತಿದಾಗ ಮಾತ್ರ ಮೊಳಗುತ್ತದೆಯೇ?
• ಹೊರಗೆ ಜೋತಾಡುವ ವೈರುಗಳಿವೆಯೇ?
• ದೀಪ, ಸೂಚಕ ದೀಪ, ಬ್ರೇಕ್ ದೀಪ ಹಾಗೂ ಸೈಲೆನ್ಸರ್ ಮೂಲ ಸ್ಥಿತಿಯಲ್ಲಿವೆಯೇ?
• ನೋಂದಣಿ ಪತ್ರ, ವಿಮೆ ಹಾಗೂ ಹೊಗೆ ತಪಾಸಣೆ ಪತ್ರಗಳು ಚಾಲ್ತಿಯಲ್ಲಿವೆಯೇ?

ಕರ್ಕಶ ಹಾರ್ನ್ ಅಳವಡಿಸಿದ್ದಲ್ಲಿ ಅದನ್ನು ತೆಗೆದು ಮೂಲ ಹಾರ್ನನ್ನು ಮರಳಿ ಜೋಡಿಸಿಯೇ ತಪಾಸಣೆಗೆ ಬರುವುದು. ಹಳೆಯ ಹಾರ್ನನ್ನು ಗುಜರಿಗೆ ಕೊಡದೆ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಸೂಚಿಸುವುದು ಇದೇ ಕಾರಣಕ್ಕಾಗಿ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಾರ್ನ್ ಬದಲಾಯಿಸಲು ಇಲಾಖೆಯ ಅನುಮತಿ ಪಡೆಯಬೇಕೇ?
ಉತ್ತರ: ಹಾರ್ನಿನ ವಿವರ ನೋಂದಣಿ ಪತ್ರದಲ್ಲಿ ನಮೂದಾಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಜಿ ನಮೂನೆಯೂ ಇರುವುದಿಲ್ಲ. ಆದರೆ ನಿಯಮ 119ಕ್ಕೆ ಅನುಗುಣವಾಗಿರುವ ಹೊಣೆ ಮಾಲೀಕರದ್ದೇ ಆಗಿರುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಾರೆ, ಹಾಗಾದರೆ ಅದು ಕಾನೂನುಬದ್ಧವಲ್ಲವೇ?
ಉತ್ತರ: ಮಾರಾಟಕ್ಕಿದೆ ಎಂಬ ಮಾತ್ರಕ್ಕೆ ರಸ್ತೆಯಲ್ಲಿ ಬಳಸಲು ಅರ್ಹವಾಗುವುದಿಲ್ಲ. ತಪಾಸಣೆಯಲ್ಲಿ ವಿಚಾರಿಸಲ್ಪಡುವವರು ವಾಹನ ಚಲಾಯಿಸುವವರು.

ಪ್ರಶ್ನೆ: ವಾಹನವನ್ನು ಕೊಂಡಾಗಲೇ ಹಿಂದಿನ ಮಾಲೀಕರು ಕರ್ಕಶ ಹಾರ್ನ್ ಹಾಕಿಸಿದ್ದರು. ನನ್ನ ತಪ್ಪೇನು?
ಉತ್ತರ: ವಾಹನವನ್ನು ರಸ್ತೆಯಲ್ಲಿ ಚಲಾಯಿಸುತ್ತಿರುವವರೇ ಉತ್ತರದಾಯಿಗಳು. ಹಳೆಯ ವಾಹನ ಕೊಳ್ಳುವಾಗ ಹಾರ್ನ್ ಮೊಳಗಿಸಿ ನೋಡಿ, ಆಸನ ಎತ್ತಿ ಬ್ಯಾಟರಿಯಿಂದ ಹೊರಟ ಹೆಚ್ಚುವರಿ ವೈರುಗಳಿಗೆ ಫ್ಯೂಸ್ ಇದೆಯೇ ಎಂದು ಪರಿಶೀಲಿಸುವುದು ಒಳಿತು.

ಪ್ರಶ್ನೆ: ಎರಡು ಹಾರ್ನ್ ಅಳವಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆಯೇ?
ಉತ್ತರ: 10 ಆಂಪಿಯರ್ ಹಾರ್ನನ್ನು ಒಂದು ಸೆಕೆಂಡು ಒತ್ತಿದರೆ ಖರ್ಚಾಗುವುದು ಸುಮಾರು 0.003 ಆಂಪಿಯರ್-ಗಂಟೆ ಮಾತ್ರ. ಸಣ್ಣ ಬೈಕುಗಳ 2.5ರಿಂದ 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಹೊರೆಯಲ್ಲ. ಬ್ಯಾಟರಿ ಹಳತಾಗಿದ್ದಲ್ಲಿ ಆ ಕ್ಷಣದಲ್ಲಿ ವೋಲ್ಟೇಜ್ ಕುಸಿದು ದೀಪ ಮಂಕಾಗುತ್ತದೆ. ಅಂತಹ ಬ್ಯಾಟರಿಯನ್ನು ಮೊದಲು ಬದಲಾಯಿಸಬೇಕು.

12. ಕೊನೆಯ ಮಾತು

ಮೇಲ್ಕಂಡ ಎಲ್ಲ ಅಂಶಗಳನ್ನು ಒಂದು ಲೆಕ್ಕಪತ್ರದಂತೆ ನೋಡಿದರೆ, ಹಳೆಯ ಹಾರ್ನನ್ನು ಶುಚಿಗೊಳಿಸುವುದಕ್ಕೆ ಖರ್ಚಿಲ್ಲ. ಮಾನಕಕ್ಕೆ ಅನುಗುಣವಾದ ಹಾರ್ನನ್ನು ರಿಲೇ ಮತ್ತು ಫ್ಯೂಸ್ ಸಹಿತ ಅಳವಡಿಸುವುದಕ್ಕೆ ಮಿತವಾದ ಖರ್ಚಿದೆ. ಕರ್ಕಶ ಹಾರ್ನಿಗೆ ದಂಡ, ಮರು ತಪಾಸಣೆ, ಸುಟ್ಟ ವೈರು ಹಾಗೂ ಬೇರೆಯವರ ನೆಮ್ಮದಿ ಇವೆಲ್ಲವೂ ಖರ್ಚಿನ ಬಾಬಿಗೇ ಸೇರುತ್ತವೆ. ಹಾರ್ನ್ ಇರುವುದು ಎದುರಿನವರಿಗೆ ಎಚ್ಚರಿಕೆ ನೀಡಲು. ಎಚ್ಚರಿಕೆ ಕೇಳಿಸಲಿ, ಕೇಳಿದವರು ಗಾಬರಿಗೊಳ್ಳದಿರಲಿ ಎಂಬುದೇ ಈ ನಿಯಮಗಳೆಲ್ಲದರ ಆಶಯ. ವಾಹನ ಮಾಲೀಕರು ಇದನ್ನು ಅರಿತು ಸಹಕರಿಸಬೇಕಾಗಿ ಕೋರಲಾಗಿದೆ.